ಏಳನೇ ಮನೆಯ ಜವಾನ

೧೨ ಜೂನ್ ೨೦೧೧, ಭಾನುವಾರ. ಐರೋಲಿ, ನವಿ ಮುಂಬಯಿ

ಇವತ್ತು ಹನ್ನೊಂದು ಲೇಖನಗಳನ್ನು ಅಳಿಸಿದೆ. ಎಲ್ಲವೂ ಧಾರಾವಾಹಿಯ ಕಂತುಗಳ ಮೇಲೆ ಬರೆದವು. ಯಾಕೆ ಅಳಿಸಿದೆ ಎಂದು ಯಾರಾದರೂ ಕೇಳಿದರೆ ಹೇಳಲು ನೆನಪಿರಬೇಕಲ್ಲ, ಅದಕ್ಕೆ ಈ ಪುಸ್ತಕ. ನಾನು ಕಲಿಸುತ್ತಿದ್ದ ಶಾಲೆ ಮುಚ್ಚಿದಾಗ ಸ್ಟಾಫ್ ರೂಮಿನ ಕಪಾಟಿನಲ್ಲಿ ಉಳಿದಿದ್ದ ನೂರು ಪುಟದ ನೋಟ್‌ಬುಕ್ಕುಗಳಲ್ಲಿ ಒಂದು.

ಇಂಟರ್‌ನೆಟ್ಟಿನ ಕನ್ನಡ ವಿಶ್ವಕೋಶದಲ್ಲಿ ಟಿ.ವಿ. ಕಂತುಗಳ ಲೇಖನ ಹೇಗಿರಬೇಕು ಎಂಬ ಮಾನದಂಡದ ಪುಟ ಬರೆದವಳು ನಾನೇ. ಸಂಬಳವಿಲ್ಲದ ಕೆಲಸ. ಯಾರು ಬೇಕಾದರೂ ಮಾಡಬಹುದು, ಮಾಡುವವರು ಏಳೆಂಟು ಜನ. ಕತೆಯ ಸಾರಾಂಶ ಮುನ್ನೂರು ಪದ ದಾಟಬಾರದು. 'ಮನಕಲಕುವ', 'ಅಮೋಘ' ಇಂಥ ಮಾತು ಬೇಡ. ಹೇಳಿದ ಪ್ರತಿ ಸಂಗತಿಗೂ ಅಚ್ಚಾದ ಆಧಾರ ಬೇಕು. ನನಗೆ ನೆನಪಿದೆ, ನಾನೇ ಕಣ್ಣಾರೆ ನೋಡಿದ್ದೇನೆ ಎಂಬುದು ಆಧಾರವಲ್ಲ. ತನ್ನ ಬಗ್ಗೆಯಾಗಲಿ ಮನೆಯವರ ಬಗ್ಗೆಯಾಗಲಿ ಯಾರೂ ಬರೆಯುವಂತಿಲ್ಲ. ಮೂವತ್ತೊಂದು ವರ್ಷ ಮಕ್ಕಳ ನೋಟ್‌ಬುಕ್ಕುಗಳ ಮೇಲೆ ಕೆಂಪು ಪೆನ್ನು ಆಡಿಸಿದವಳಿಗೆ ಇದೇನು ಕಷ್ಟವಲ್ಲ.

ಒಬ್ಬಳಿಗೇ ಅನ್ನ ಇಡುವುದು ಯಾಕೆಂದು ಇಡಲಿಲ್ಲ. ನಿನ್ನೆಯ ಸಾರಿಗೆ ಬ್ರೆಡ್.

೧೯ ಜೂನ್, ಭಾನುವಾರ

ಸುಗುಣಾ ಎಂಬ ಹೊಸಬರು ದಿನದ ಧಾರಾವಾಹಿಯೊಂದರ ನಲವತ್ತು ಕಂತುಗಳನ್ನು ಬರೆದು ಹಾಕಿದ್ದರು. ಆಧಾರ ಒಂದಕ್ಕೂ ಇಲ್ಲ. ನಲವತ್ತನ್ನೂ ತೆಗೆದೆ. ಸಂಜೆ ನನ್ನ ಚರ್ಚೆ ಪುಟದಲ್ಲಿ ಅವರ ಟಿಪ್ಪಣಿ: "ದಿನಾ ಕೆಲಸ ಮುಗಿಸಿ ಕೂತು ಬರೆದದ್ದು ಮೇಡಂ. ಅಳಿಸುವ ಮೊದಲು ಒಂದು ಮಾತು ಹೇಳಬಹುದಿತ್ತು." ಮಾನದಂಡ ಪುಟ ಓದಿ ಎಂದು ಉತ್ತರಿಸಿದೆ. ಮತ್ತೆ ಅವರ ಸದ್ದಿಲ್ಲ.

ನಾಸಿಕದಿಂದ ನಿಶ್ಮಿತಾ ಫೋನ್ ಮಾಡಿದಳು. ಮಗಳ ಮಾತೆಲ್ಲ ಈಗ ಹಿಂದಿಯಲ್ಲೇ. ಮಮ್ಮಿ, ಯಾರನ್ನಾದರೂ ಭೇಟಿ ಮಾಡುತ್ತಿ ತಾನೇ ಎಂದು ಕೇಳಿದಳು. ದಿನಾ ಎಷ್ಟೋ ಜನರ ಹತ್ತಿರ ಮಾತಾಡುತ್ತೇನೆ ಎಂದೆ. ಕಂಪ್ಯೂಟರಿನಲ್ಲಾ ಎಂದಳು. ಅವಳು ತುಳು ಆಡುತ್ತಿದ್ದುದು ಅವಳ ಅಪ್ಪನ ಹತ್ತಿರ ಮಾತ್ರ. ಅವರು ಹೋಗಿ ಹದಿನೈದು ತಿಂಗಳಾಯಿತು. ಈ ಮನೆಯಲ್ಲಿ ತುಳು ಕೇಳಿಯೂ ಅಷ್ಟೇ ಆಯಿತು.

೨೧ ಜೂನ್

ಮಳೆ. ಆರು ಲೇಖನ.

೩ ಜುಲೈ, ಭಾನುವಾರ

ಡೊಂಬಿವಲಿಯ ರಮಾಮಣಿ ಹೊಸ ಲೇಖನ ಹಾಕಿದ್ದಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಎರಡು ವರ್ಷದಿಂದ ಜೊತೆಗೆ ತಿದ್ದುತ್ತಿದ್ದೇವೆ, ಮುಖ ನೋಡಿಲ್ಲ. ನಾನು ಬರೆದ ನಿಯಮಗಳನ್ನು ನನಗಿಂತ ಚೆನ್ನಾಗಿ ಪಾಲಿಸುವವರು. ಲೇಖನ 'ಹದಿಮೂರು ಮನೆಗಳು' ಎಂಬ ಹಳೆಯ ಧಾರಾವಾಹಿಯ ಮೇಲೆ. ೧೯೮೯ರದು, ಹದಿಮೂರು ಕಂತು, ಕಂತಿಗೊಂದು ಮನೆಯ ಕತೆ.

ಏಳನೇ ಕಂತಿಗೆ ಬಂದಾಗ ಕೈ ನಿಂತಿತು. "ಕೋರ್ಟಿನ ಜವಾನನ ಪಾತ್ರದಲ್ಲಿ ಕಲ್ಯಾಣದ ಬಸಲಿಂಗಪ್ಪ ಅಭಿನಯಿಸಿದರು." ಆಧಾರ: ಒಂದು ಪತ್ರಿಕೆಯ ಹೆಸರು, ೧೯೮೯ರ ಏಪ್ರಿಲ್ ೩೦ರ ಸಂಚಿಕೆ.

ಸುಳ್ಳು. ಜವಾನನಾದದ್ದು ನಮ್ಮವರು.

೪ ಜುಲೈ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಆಗ ನಾವು ಮುಲುಂಡಿನ ಚಾಳಿನಲ್ಲಿದ್ದೆವು. ಅವರು ಬಂದರಿನ ಕಚೇರಿಯಲ್ಲಿ ಗುಮಾಸ್ತ, ರಜೆಯ ದಿನ ಕನ್ನಡ ನಾಟಕ ತಂಡದಲ್ಲಿ ಪ್ರಾಂಪ್ಟರ್. ಪರದೆಯ ಹಿಂದೆ ನಿಂತು ಮಾತು ಮರೆತವರಿಗೆ ಮಾತು ಕೊಡುವ ಕೆಲಸ. ಬೆಂಗಳೂರಿನಿಂದ ಬಂದ ನಿರ್ದೇಶಕರಿಗೆ ಹಂಚಿನ ಹಳೆಯ ಮನೆಯೊಂದು ಬೇಕಿತ್ತು, ಬದಲಾಪುರದಲ್ಲಿ ಸಿಕ್ಕಿತು. ಧಾರವಾಡದ ಮಾತಾಡುವ ನಟನೂ ಬೇಕಿತ್ತು. ಕಲ್ಯಾಣದಲ್ಲಿ ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಬಸಲಿಂಗಪ್ಪನವರನ್ನು ಆರಿಸಿದರು. ತಿಂಗಳು ಪೂರ್ತಿ ತಾಲೀಮು. ಪೇಪರಿನಲ್ಲೂ ಹೆಸರು ಬಂತು. ಶೂಟಿಂಗಿಗೆ ಎರಡು ದಿನವಿದೆ ಎನ್ನುವಾಗ ಬಸಲಿಂಗಪ್ಪನವರಿಗೆ ಕಾಮಾಲೆ. ತಾಲೀಮಿನಲ್ಲಿ ಪುಸ್ತಕ ಹಿಡಿದು ಕೂತಿದ್ದವರು ಇವರೊಬ್ಬರೇ. ನಾನು ಉಡುಪಿ ಕಡೆಯವನು, ನನ್ನ ನಾಲಿಗೆಗೆ ಧಾರವಾಡದ್ದು ಹೊರಳುವುದಿಲ್ಲ ಎಂದರಂತೆ. ಹಾಗಾದರೆ ಮಾತು ಕಡಿಮೆ ಮಾಡೋಣ ಎಂದು ನಿರ್ದೇಶಕರು ಎರಡು ಪುಟದ ಮಾತನ್ನು ಹೊಡೆದು ಹಾಕಿದರು. ಮೇ ಎಂಟು, ಒಂಬತ್ತು. ಎರಡು ದಿನ ಕಚೇರಿಗೆ ರಜೆ.

ಬೊಂಬಾಯಿಯಲ್ಲಿ ಆ ಕಾರ್ಯಕ್ರಮ ಬರುತ್ತಿರಲಿಲ್ಲ. ಬೆಂಗಳೂರಿನ ಅಕ್ಕನ ಮನೆಗೆ ಹೋಗಿ ಒಂದೇ ಒಂದು ಸಲ ನೋಡಿದೆವು. ಮತ್ತೆ ಅವರು ನಟಿಸಲಿಲ್ಲ. ಯಾರೂ ಕರೆಯಲೂ ಇಲ್ಲ.

೬ ಜುಲೈ

ಮಂಚದ ಕೆಳಗಿನ ಟ್ರಂಕು, ಕಪಾಟು, ಅವರ ಕಚೇರಿ ಚೀಲ ಎಲ್ಲ ಜಾಲಾಡಿದೆ. ಖಾಕಿ ಅಂಗಿಯಲ್ಲಿರುವ ಫೋಟೋ ಒಂದೂ ಇಲ್ಲ. ಫೋಟೋದವನು ಬಂದದ್ದು ಮೂರನೆಯ ದಿನ, ಅಷ್ಟರಲ್ಲಿ ಇವರು ಕಚೇರಿಯಲ್ಲಿದ್ದರು. ಅಕ್ಕ ಇಲ್ಲ. ನಿರ್ದೇಶಕರೂ ಇಲ್ಲ. ಆ ಕಾಲದ ಟೇಪುಗಳ ಮೇಲೆ ಬೇರೆ ಏನೋ ತುಂಬಿಸಿದರೆಂದು ರಮಾಮಣಿಯೇ ಲೇಖನದ ಕೊನೆಯಲ್ಲಿ ಬರೆದಿದ್ದಾರೆ.

ಇದ್ದರೂ ಬರೆಯಬೇಕಾದವಳು ನಾನಲ್ಲ. ಮನೆಯವರ ಬಗ್ಗೆ ಬರೆಯುವಂತಿಲ್ಲ.

೧೨ ಜುಲೈ, ಮಂಗಳವಾರ

ಸ್ಟೇಷನ್ ಹತ್ತಿರದ ಸೈಬರ್ ಕೆಫೆಗೆ ಹೋದೆ. ಮನೆಯಲ್ಲಿ ಕಂಪ್ಯೂಟರ್ ಸರಿಯಿಲ್ಲ ಎಂದು ಯಾರೂ ಕೇಳದೆಯೇ ಹೇಳಿದೆ. ನನ್ನ ಹೆಸರಿನಲ್ಲಿ ಲಾಗಿನ್ ಆಗದೆ, ಬಸಲಿಂಗಪ್ಪ ಎಂಬುದನ್ನು ಅಳಿಸಿ ತಾರಾನಾಥ ಎಂದು ಟೈಪ್ ಮಾಡಿದೆ. ಆ ನಾಲ್ಕು ಅಕ್ಷರ ಬರೆದು ಎಷ್ಟು ದಿನವಾಗಿತ್ತೋ. ಬ್ಯಾಂಕಿನ ಫಾರಂಗಳಲ್ಲಿ ಬರೆದದ್ದೇ ಕೊನೆ, ಅಲ್ಲಿ ಅದರ ಹಿಂದೆ ದಿವಂಗತ ಎಂದಿತ್ತು.

೧೩ ಜುಲೈ

ರಮಾಮಣಿ ಹಿಂದಕ್ಕೆ ತಿರುಗಿಸಿದ್ದಾರೆ. "ಆಧಾರವಿಲ್ಲ. ವಿನೋದಾ ಮೇಡಂ ಅವರ ಮಾನದಂಡ ಪುಟ ನೋಡಿ."

ಮತ್ತೆ ಹೋಗಿ ಬದಲಿಸಿದೆ.

೧೪ ಜುಲೈ

ಮತ್ತೆ ಅವರು. ಮತ್ತೆ ನಾನು. "ನಾನು ಕಣ್ಣಾರೆ ನೋಡಿದ್ದೇನೆ" ಎಂದು ಕಾರಣದ ಜಾಗದಲ್ಲಿ ಬರೆದೆ. ಈ ಮಾತು ಬರೆದವರ ಎಷ್ಟು ಲೇಖನಗಳನ್ನು ತೆಗೆದು ಹಾಕಿದ್ದೇನೆ!

೧೬ ಜುಲೈ, ಶನಿವಾರ

ರಮಾಮಣಿಯ ಸಂದೇಶ, ನನ್ನ ಹೆಸರಿಗೇ. ಕಂಪ್ಯೂಟರಿನ ವಿಳಾಸ ನೋಡಿದರೆ ಐರೋಲಿ ಕಡೆಯವನು, ಯಾರೋ ಕಿಡಿಗೇಡಿ ಹಳೆಯ ಕಲಾವಿದರೊಬ್ಬರ ಹೆಸರು ಅಳಿಸಿ ತನ್ನ ಪರಿಚಯದವರದ್ದು ತುರುಕುತ್ತಿದ್ದಾನೆ, ನಿಮ್ಮ ತೀರ್ಮಾನ ತಿಳಿಸಿ ಮೇಡಂ, ನೀವು ಹೇಳಿದ ಹಾಗೆ ಮಾಡುತ್ತೇನೆ ಎಂದು.

ಕಿಟಕಿ ಹಾಕಿ ಮಲಗಿದೆ. ಹಗಲು.

೧೯ ಜುಲೈ

ತಲೆನೋವು.

೨೫ ಜುಲೈ, ಸೋಮವಾರ

ಒಂಬತ್ತು ದಿನ ಒಂದು ಲೇಖನವನ್ನೂ ಮುಟ್ಟಲಿಲ್ಲ. ಇವತ್ತು ರಮಾಮಣಿಯ ನಂಬರು ತೆಗೆದುಕೊಂಡು ಅವರ ಊಟದ ಬಿಡುವಿನಲ್ಲಿ ಫೋನ್ ಮಾಡಿದೆ. ನಾನಂದುಕೊಂಡದ್ದಕ್ಕಿಂತ ಸಣ್ಣ ದನಿ. ನನ್ನ ಹೆಸರು ಕೇಳಿ ಖುಷಿಯಾದರು, ಅದರಿಂದ ನನಗೆ ಇನ್ನಷ್ಟು ಕಷ್ಟವಾಯಿತು.

"ಆ ಕಿಡಿಗೇಡಿ ನಾನೇ," ಎಂದೆ. "ತಾರಾನಾಥ ನನ್ನ ಗಂಡ."

ಅತ್ತ ಕಡೆ ಯಾರೋ ಟೋಕನ್ ನಂಬರು ಕೂಗುತ್ತಿದ್ದುದು ಕೇಳಿಸುತ್ತಿತ್ತು. ಆಮೇಲೆ ಅವರು, "ಮೊದಲೇ ಹೇಳ್ಬಹುದಿತ್ತಲ್ಲ ಮೇಡಂ, ನಾನು ನಿಮ್ಮನ್ನೇ ಬೈದಿದ್ದೀನಲ್ಲ," ಎಂದರು. ಬೈದದ್ದು ಸರಿಯೇ ಎಂದೆ. ಮಾನದಂಡದ ಪುಟದ ಹೊಣೆ ನನಗಿನ್ನು ಬೇಡ, ನೀವು ನೋಡಿಕೊಳ್ಳಿ ಎಂದೆ. ಅವರು ಒಪ್ಪಲೂ ಇಲ್ಲ, ಬೇಡ ಎನ್ನಲೂ ಇಲ್ಲ.

ಪೇಪರಿನ ತುಣುಕಿನ ವಿವರ ಕೊಟ್ಟದ್ದು ಬಸಲಿಂಗಪ್ಪನವರ ಮಗಳಂತೆ. ಮುದುಕರು ಇನ್ನೂ ಇದ್ದಾರೆ. ಕಾಮೋಠೆಯಲ್ಲಿ, ಮಗಳ ಜೊತೆ.

ಚರ್ಚೆ ಪುಟದಲ್ಲಿ ನಡೆದದ್ದನ್ನೆಲ್ಲ ನನ್ನ ಹೆಸರು ಹಾಕಿ ಬರೆದೆ. ಎಂಟು ಸಾಲು. ಬರೆದಾದ ಮೇಲೆ ಸುಗುಣಾ ಅವರ ಪುಟಕ್ಕೂ ಹೋಗಿ, ಧಾರಾವಾಹಿಗಳಿಗೆ ಪತ್ರಿಕೆಗಳಲ್ಲಿ ಆಧಾರ ಹುಡುಕುವುದು ಹೇಗೆಂದು ವಿವರವಾಗಿ ತಿಳಿಸಿದೆ. ಬಿಡುವಿತ್ತು, ಅದಕ್ಕೆ.

೭ ಆಗಸ್ಟ್, ಭಾನುವಾರ

ಕಾಮೋಠೆಗೆ ಹೋಗಿ ಬಂದೆ.

ಪನವೇಲ್ ಗಾಡಿಯಲ್ಲಿ ಕಿಟಕಿಯ ಬದಿ ಸಿಕ್ಕಿತು. ಅವರಿಗೆ ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಿದ್ದಿದೆ. ಮಾನಸರೋವರ ಸ್ಟೇಷನ್ನಿನಲ್ಲಿ ಇಳಿದು ಶೇರ್ ರಿಕ್ಷಾ. ನಾಲ್ಕನೇ ಮಾಳಿಗೆ. ಬಾಗಿಲು ತೆರೆದದ್ದು ಮಗಳು ಶೈಲಶ್ರೀ. ವಿಶ್ವಕೋಶದಿಂದ ಬರುತ್ತೇನೆ ಎಂದು ಮೊದಲೇ ಫೋನಿನಲ್ಲಿ ಹೇಳಿದ್ದೆ. ಅವರು ಅವಲಕ್ಕಿ ಒಗ್ಗರಣೆ, ಗಿರಮಿಟ್ಟು ಎಲ್ಲ ಮಾಡಿಟ್ಟಿದ್ದರು. ಭಾನುವಾರಕ್ಕೆ ಮನೆಗೆ ಬಂದವಳೆಂದು ನನಗಾಗಿ ಯಾರಾದರೂ ಅಡುಗೆ ಮಾಡಿ ಎಷ್ಟು ಕಾಲವಾಯಿತು.

ಬಸಲಿಂಗಪ್ಪನವರಿಗೆ ಎಪ್ಪತ್ತೆಂಟು. ಬಿಳಿ ಅಂಗಿ, ಕೋಲು, ಬಲಗಣ್ಣಿಗೆ ಪೊರೆ. ಅವರ ತಲೆಯ ಮೇಲೆ ಗೋಡೆಯಲ್ಲಿ ಆ ಪೇಪರಿನ ತುಣುಕು, ಗಾಜು ಹಾಕಿಸಿ ಇಟ್ಟದ್ದು. ಅವ್ವನೇ ಮಾಡಿಸಿದ್ದು ಎಂದು ಶೈಲಶ್ರೀ ಹೇಳಿದರು. ಅಪ್ಪ ಟಿ.ವಿ.ಯಲ್ಲಿ ಬಂದಿದ್ದರು ಎಂಬುದನ್ನು ತಮ್ಮ ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರಿಗೂ ಹೇಳಿದ್ದರಂತೆ. ಹದಿಮೂರು ವರ್ಷದ ಮೊಮ್ಮಗಳು ದಿಶಾ ಶಾಲೆಯ ಪ್ರಬಂಧದಲ್ಲಿ ಬರೆದಿದ್ದಾಳಂತೆ.

ನಾನು ತುಣುಕಿನ ಹತ್ತಿರ ಹೋಗಿ ಓದಿದೆ. ಅಭ್ಯಾಸ. "ಜವಾನನ ಪಾತ್ರದಲ್ಲಿ ಬಸಲಿಂಗಪ್ಪ ಅಭಿನಯಿಸಲಿದ್ದಾರೆ." ಅಭಿನಯಿಸಿದರು ಎಂದಲ್ಲ. ತಾರೀಕು ಏಪ್ರಿಲ್ ಮೂವತ್ತು, ಶೂಟಿಂಗಿಗೆ ಎಂಟು ದಿನ ಮೊದಲು. ರಮಾಮಣಿ ತುಣುಕನ್ನು ನೋಡದೆ ಫೋನಿನಲ್ಲಿ ಕೇಳಿ ಬರೆದುಕೊಂಡದ್ದು. ನನ್ನ ನಿಯಮದ ಪ್ರಕಾರವೇ ಈ ಆಧಾರ ನಿಲ್ಲುವುದಿಲ್ಲ. ಒಂದು ನಿಯಮವನ್ನೂ ಮುರಿಯದೆ ಈ ಮನುಷ್ಯನ ಹೆಸರನ್ನು ನಾನು ತೆಗೆಯಬಹುದು.

ತಿರುಗಿದಾಗ ಮುದುಕರು ನನ್ನನ್ನೇ ನೋಡುತ್ತಿದ್ದರು. ಪೂರ್ತಿ ಹೆಸರೇನು ಎಂದು ಕೇಳಿದರು. ವಿನೋದಾ ತಾರಾನಾಥ ಎಂದೆ. ಅವರು ಕಣ್ಣನ್ನು ಕೋಲಿನ ಹಿಡಿಯ ಮೇಲೆ ಇಳಿಸಿದರು. ನಾನೂ ಬಂದ ಕೆಲಸ ಹೇಳಲಿಲ್ಲ. ಗಿರಮಿಟ್ಟು ಚೆನ್ನಾಗಿತ್ತು ಎಂದು ಎರಡು ಸಲ ಹೇಳಿ ಎದ್ದೆ.

೮ ಆಗಸ್ಟ್

'ಲಿದ್ದಾರೆ'ಯ ವಿಷಯ ರಮಾಮಣಿಗೆ ತಿಳಿಸಲು ಕೂತೆ. ಎರಡು ಸಾಲಿನ ಸಂದೇಶ. ಬರೆದೆ, ಕಳಿಸಲಿಲ್ಲ. ಆ ಗಾಜಿನ ಚೌಕಟ್ಟಿನ ಧೂಳು ಒರೆಸಿ ಇಟ್ಟಿದ್ದರು, ನಾನು ಬರುತ್ತೇನೆಂದು.

೧೦ ಆಗಸ್ಟ್, ಬುಧವಾರ

ಹನ್ನೊಂದು ಗಂಟೆಗೆ ಫೋನು. ಬಸಲಿಂಗಪ್ಪನವರು. ಮಗಳು ಕೆಲಸಕ್ಕೆ ಹೋಗುವುದನ್ನೇ ಕಾದು ಮಾಡಿದ್ದರು.

"ಬಾಯಾರ, ಆವತ್ತು ನೀವು ಯಾಕ ಬಂದಿದ್ರಿ ನನಗ ಗೊತ್ತದ. ಬಂದವರು ಹಂಗ ಹೋದ್ರಿ. ನನಗ ಎರಡು ದಿನ ಅನ್ನ ಇಳೀಲಿಲ್ಲ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಇನ್ನೊಮ್ಮೆ ಬರ್ರಿ," ಎಂದರು. "ಎಲ್ಲಾರೂ ಇದ್ದಾಗ ಬರ್ರಿ."

೧೪ ಆಗಸ್ಟ್, ಭಾನುವಾರ

ಮನೆಗೆ ಬಂದು ಕೈಕಾಲು ತೊಳೆದವಳೇ ಬರೆಯಲು ಕೂತಿದ್ದೇನೆ. ಬಿಟ್ಟುಹೋಗುವ ಮೊದಲು ಎಲ್ಲ ಬರೆಯಬೇಕು.

ಶೈಲಶ್ರೀ ಚಹಾಕ್ಕೆ ಇಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ದಿಶಾ ನೆಲದ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ಬಸಲಿಂಗಪ್ಪನವರು ಕೋಲನ್ನು ಎರಡು ಮೊಣಕಾಲಿನ ನಡುವೆ ಹಿಡಿದು, ಪೀಠಿಕೆಯೇನೂ ಇಲ್ಲದೆ ಮಗಳ ಕಡೆ ತಿರುಗಿ ಹೇಳಿದರು:

"ಶೈಲಾ, ಆ ಪಾರ್ಟು ನಾ ಮಾಡಿದ್ದಲ್ಲವಾ. ಇವರ ಯಜಮಾನ್ರು ಮಾಡಿದ್ದು."

ಉಳಿದದ್ದನ್ನು ನಿಲ್ಲಿಸಿ ನಿಲ್ಲಿಸಿ ಹೇಳಿದರು. ಆ ಬೇಸಿಗೆಯಲ್ಲಿ ಹೆಂಡತಿ ಗಿರಿಜವ್ವ ಮಕ್ಕಳನ್ನು ಕರೆದುಕೊಂಡು ಗದಗಿನ ತವರಿಗೆ ಹೋಗಿದ್ದರು. ಗಾಬರಿಯಾಗಬಾರದೆಂದು ಇವರು ಕಾಮಾಲೆಯ ಸುದ್ದಿ ಬರೆಯದೆ ಕಲ್ಯಾಣದ ಆಸ್ಪತ್ರೆಯಲ್ಲಿ ಒಬ್ಬರೇ ಹನ್ನೆರಡು ದಿನ ಮಲಗಿದ್ದರು. ಅಷ್ಟರಲ್ಲಿ ಪೇಪರು ಯಾರ ಕೈಯಲ್ಲೋ ಗದಗಿಗೆ ಮುಟ್ಟಿತ್ತು. ಗಿರಿಜವ್ವ ಬರುವಾಗ ಅದನ್ನು ಕತ್ತರಿಸಿ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡು ಬಂದಿದ್ದರು. ತವರಿನವರೆದುರು ಮೊದಲ ಸಲ ತಲೆ ಎತ್ತಿ ಕೂತೆ ಎಂದಿದ್ದರಂತೆ. ತವರಿನಲ್ಲಿ ಆಗ ಟಿ.ವಿ. ಇರಲಿಲ್ಲ, ಕಲ್ಯಾಣದಲ್ಲಿ ಆ ಕಾರ್ಯಕ್ರಮ ಬರುತ್ತಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಚೌಕಟ್ಟು ಗೋಡೆಗೆ ಏರಿತು.

"ಅವ್ವಗ ಗೊತ್ತಿತ್ತೇನು?" ಎಂದು ಶೈಲಶ್ರೀ ಕೇಳಿದರು.

"ಇಲ್ಲ. ಹೋಗೂ ತನಕ ಗೊತ್ತಿರಲಿಲ್ಲ."

ಶೈಲಶ್ರೀ ಒಳಗೆ ಹೋದರು. ಚಹಾ ಉಕ್ಕಿದ ವಾಸನೆ ಬಂತು. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು, ಕೈಯಲ್ಲಿ ನಾಲ್ಕು ಕಪ್ಪು. ಮೊದಲನೆಯದನ್ನು ಅಪ್ಪನಿಗೇ ಕೊಟ್ಟರು.

ಬಸಲಿಂಗಪ್ಪನವರು ಬೇಕಾದರೆ ಕಾಗದ ಬರೆದು ಸಹಿ ಹಾಕಿ ಕೊಡುತ್ತೇನೆ ಎಂದರು. ಸಹಿ ಹಾಕಿದ ಕಾಗದ ಅಚ್ಚಾದ ಆಧಾರವಲ್ಲ, ನಡೆಯುವುದಿಲ್ಲ ಎಂದೆ. ಯಾರು ಮಾಡಿದ ರೂಲು ಇದು ಎಂದರು. ನಾನೇ ಎಂದೆ. ಅವರು ಮೊದಲ ಸಲ ನಕ್ಕರು, ಶೈಲಶ್ರೀಯೂ ನಕ್ಕರು. 'ಅಭಿನಯಿಸಲಿದ್ದಾರೆ' ಎಂಬುದನ್ನೂ ಮುಚ್ಚಿಡದೆ ಹೇಳಿದೆ: ಅದರಿಂದ ನಿಮ್ಮ ಹೆಸರನ್ನು ತೆಗೆಯಬಹುದು, ಅವರ ಹೆಸರನ್ನು ಹಾಕಲಿಕ್ಕಾಗುವುದಿಲ್ಲ. ಅವರು ಚೌಕಟ್ಟಿನ ಕಡೆ ನೋಡಿ, ತೆಗೀರಿ, ಖಾಲಿ ಇರಲಿ ಎಂದರು. ಅಲ್ಲಿಂದಲೇ ರಮಾಮಣಿಗೆ ಫೋನ್ ಮಾಡಿ ತಿಳಿಸಿದೆ. ಜವಾನನ ಪಾತ್ರಧಾರಿಯ ಹೆಸರು ದೊರೆತಿಲ್ಲ ಎಂದು ಬರೆಯುತ್ತಾರೆ.

ಎದ್ದು ಹೊರಡುವವಳಿದ್ದೆ. ಆಗ ಅವರು ಕೇಳಿದರು. "ಅವರು ಹೆಂಗ ಮಾಡಿದ್ರು? ನಾ ನೋಡೇ ಇಲ್ಲ. ಇಪ್ಪತ್ತೆರಡು ವರ್ಷ ಮಂದಿಗೆ ಏನೇನೋ ಹೇಳೀನಿ, ನೋಡಿದ್ದಿಲ್ಲ."

ಬಾಯಲ್ಲಿ ಹೇಳಲು ಶುರುಮಾಡಿದೆ. ಮನೆ ಖಾಲಿ ಮಾಡಬೇಕೆಂಬ ಕೋರ್ಟಿನ ನೋಟಿಸು ತಂದ ಜವಾನ. ಓದಲು ಬಾರದ ಅಜ್ಜಿ, ಏನು ಬಂದಿದೆ ಓದಪ್ಪಾ ಎನ್ನುತ್ತಾಳೆ. ಹೇಳುತ್ತಾ ಹೇಳುತ್ತಾ ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ದಿಶಾಳ ಪುಸ್ತಕದಿಂದ ಒಂದು ಹಾಳೆ ತೆಗೆದುಕೊಂಡೆ. ತಾರಾನಾಥ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಿದ್ದರು, ಬಲಗಾಲಿನದು ಮಗುಚಿ ಬಿದ್ದಿತ್ತು, ಅದನ್ನು ಕಾಲಿನಿಂದಲೇ ಸರಿಮಾಡಿದ್ದರು. ಹಾಗೇ ಮಾಡಿದೆ. ಹಾಳೆ ಬಿಡಿಸಿದ್ದರು, ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಓದಿದ್ದರು, ನಿಲ್ಲಿಸಿದ್ದರು. ಟೋಪಿ ತೆಗೆದು ಹಣೆ ಒರೆಸಿ, ಕುಡಿಯಲು ನೀರು ಕೇಳಿದ್ದರು. ಅಜ್ಜಿ ತಂದ ಲೋಟದ ನೀರನ್ನು ಪೂರ್ತಿ ಕುಡಿದಿದ್ದರು. ಕುಡಿಯುವಾಗ ಕಣ್ಣು ಮಾತ್ರ ಮನೆಯ ಹಂಚಿನ ಮಾಡಿನ ಮೇಲೆ ಓಡಾಡುತ್ತಿತ್ತು. ಆಮೇಲೆ ಹಾಳೆ ಮಡಚಿ ಜೇಬಿಗೆ ಹಾಕಿ ಏನೋ ಹೇಳಿ ಹೋಗುತ್ತಾರೆ.

ಏನು ಹೇಳಿದ್ದರು?

ಹಾಳೆ ಹಿಡಿದು ಹಾಲಿನ ನಡುವೆ ನಿಂತಿದ್ದೇನೆ, ಮಾತು ಬರುತ್ತಿಲ್ಲ. ತುಟಿ ಅಲ್ಲಾಡಿದ್ದು ಕಾಣುತ್ತಿದೆ, ಸದ್ದಿಲ್ಲ. ಒಂದೇ ಸಲ ನೋಡಿದ್ದು. ಇಷ್ಟು ವರ್ಷ ಆ ಕಂತು ಪೂರ್ತಿ ನನ್ನ ಹತ್ತಿರವಿದೆ ಎಂದುಕೊಂಡಿದ್ದೆ.

ಬಸಲಿಂಗಪ್ಪನವರು ಕುರ್ಚಿಯಿಂದಲೇ, ಪುಸ್ತಕ ಓದಿದ ಹಾಗೆ ಹೇಳಿದರು: "ಅಜ್ಜಿ, ಕಣ್ಣು ಸರಿ ಕಾಣವಲ್ದು. ನಾಳೆ ಬರ್ತೀನಿ."

ತಿಂಗಳು ತಾಲೀಮು ಮಾಡಿದ ಮಾತು. ಎರಡು ಪುಟವೂ ಅವರಿಗೆ ಇನ್ನೂ ಬಾಯಿಪಾಠ. ಉಳಿದದ್ದೆಲ್ಲ ಹೊಡೆದು ಹಾಕಿರಬಹುದು, ಇದೊಂದನ್ನು ಬಿಟ್ಟರೆ ಸೀನೇ ನಿಲ್ಲುವುದಿಲ್ಲ ಎಂದರು.

ಅಷ್ಟೇ ಸಾಕಾಯಿತು. "ಅಲ್ಲ," ಎಂದೆ, "ಕಾಣವಲ್ದು ಅಲ್ಲ. ಅವರಿಗೆ ಅದು ನಾಲಿಗೆಗೆ ಬರುತ್ತಿರಲಿಲ್ಲ. ಅಜ್ಜೀ, ಕಣ್ಣು ಸರಿ ಕಾಣುದಿಲ್ಲ ಅಂದಿದ್ದರು, ಉಡುಪಿಯವರ ಹಾಗೆ." ಆ ದನಿಯಲ್ಲಿ ನಾನೇ ಹೇಳಿದೆ. ಹೇಳಿದ ಮೇಲೆ ಕೂತುಬಿಟ್ಟೆ. ಶೈಲಶ್ರೀ ಬಂದು ಪಕ್ಕದಲ್ಲಿ ಕೂತರು. ಪರಿಚಯವಿದ್ದರೂ ಇಲ್ಲದಿದ್ದರೂ ಹುಡುಗಿಯರು ಹಿರಿಯ ಹೆಂಗಸಿನ ಬೆನ್ನ ಮೇಲೆ ಕೈ ಇಡುತ್ತಾರಲ್ಲ, ಹಾಗೆ ಇಟ್ಟರು. ಇಷ್ಟು ಜನರೆದುರು ಅತ್ತದ್ದು ಇದೇ ಮೊದಲು.

ಸ್ವಲ್ಪ ಹೊತ್ತಿನ ಮೇಲೆ ದಿಶಾ, "ಆಜೋಬಾ, ಆತಾ ತುಮ್ಹೀ ಕರಾ," ಎಂದಳು. ಈಗ ನೀವು ಮಾಡಿ ಎಂದು.

ಬಸಲಿಂಗಪ್ಪನವರು ಬೇಡ ಎನ್ನಲಿಲ್ಲ. ಕೋಲೂರಿ ಎದ್ದು ನನ್ನ ಕೈಯಿಂದ ಹಾಳೆ ತೆಗೆದುಕೊಂಡರು. ಬಾಗಿಲ ತನಕ ಹೋಗಿ, ಚಪ್ಪಲಿ ಮೆಟ್ಟಿ ಬಿಟ್ಟು, ಕಾಲಿನಿಂದ ಅದನ್ನು ಸರಿಮಾಡಿ ತಿರುಗಿದರು. ಅಜ್ಜಿ ಯಾರಾಗಬೇಕು ಎಂದು ಯಾರೂ ಕೇಳಲಿಲ್ಲ, ನಾನು ಎದ್ದೆ. ಏನು ಬಂದಿದೆ ಓದಪ್ಪಾ ಎಂದೆ. ಅವರು ಹಾಳೆಯನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ಒಂದು ಸಾಲು ಓದಿ ನಿಲ್ಲಿಸಿದರು. ಶೈಲಶ್ರೀ ನೀರಿನ ಲೋಟ ತಂದು ನನ್ನ ಕೈಗೆ ಕೊಟ್ಟರು, ನಾನು ಅದನ್ನು ಅವರ ಕಡೆ ಚಾಚಿದೆ. ಅವರು ಲೋಟ ತೆಗೆದುಕೊಂಡು ಮೇಲೆ ನೋಡುತ್ತಾ ನಿಧಾನವಾಗಿ ಪೂರ್ತಿ ಕುಡಿದರು. ಲೋಟ ನನ್ನ ಕೈಗೆ ಕೊಟ್ಟು, ಹಾಳೆ ಮಡಚಿ ಜೇಬಿಗೆ ಹಾಕಿದರು.